ದಲಂದಾಳ ಹಬೆಯ ಕಚೇರಿ

ದಲಂದಾ ಗಸ್ಮಿ ಮತ್ತು ನಾನು ಹುಟ್ಟಿದ್ದು ಒಂದೇ ಓಣಿಯಲ್ಲಿ, ಒಂದೇ ಚಳಿಗಾಲದಲ್ಲಿ. ಅವಳ ಅಪ್ಪ ಗುಡ್ಡದ ಮೇಲಿನ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದರು. ನನ್ನಮ್ಮ ಊರ ಹಮ್ಮಾಮನ್ನು, ಎಂದರೆ ಹಬೆಯ ಸ್ನಾನದ ಮನೆಯನ್ನು, ನಡೆಸುತ್ತಿದ್ದಳು. ದೊಡ್ಡವಳಾದ ಮೇಲೆ ದಲಂದಾ ರಾಜಧಾನಿ ತೂನಿಸ್ ನಗರಕ್ಕೆ ಹೋಗಿ ಕಾನೂನು ಓದಿ, ಕಪ್ಪು ನಿಲುವಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಬಸ್ಸಿನಿಂದಿಳಿದಳು. ನಾನು ಎಲ್ಲಿಗೂ ಹೋಗದೆ ಅಮ್ಮನ ಜಾಗದಲ್ಲಿ ಕೂತೆ. ಅಂದಿನಿಂದ ಊರಿಗೆ ಅವಳು ಉಸ್ತಾದಾ, ನಮ್ಮಲ್ಲಿ ವಕೀಲರನ್ನು ಕರೆಯುವುದೇ ಹಾಗೆ. ನಾನು ಮಾತ್ರ ಬಟ್ಟೆ ಬಿಚ್ಚುವ ಕೋಣೆಯ ಮಬ್ರೂಕಾ ಆಗಿಯೇ ಉಳಿದೆ.

ನಮ್ಮೂರು ಐನ್ ಲೌಝ್‌ನಲ್ಲಿ ವರ್ಷದ ನಾಲ್ಕು ತಿಂಗಳು ಮಂಜು ಗುಡ್ಡದಿಂದಿಳಿದು ಓಣಿಗಳಲ್ಲಿ ಓಡಾಡುತ್ತದೆ. ಆಗ ಊರು ಪೂರ್ತಿ ಎಚ್ಚರಾಗುವುದಿಲ್ಲ. ಎದುರಿಗೆ ಬಂದವರು ಹತ್ತಿರ ಬರುವವರೆಗೂ ಯಾರೆಂದು ತಿಳಿಯುವುದಿಲ್ಲ. ಮಾತೂ ಮೆಲ್ಲಗೆ. ಆ ವರ್ಷಗಳಲ್ಲಿ ಮೆಲ್ಲಗೆ ಮಾತಾಡುವುದಕ್ಕೆ ಮಂಜಲ್ಲದೆ ಬೇರೆ ಕಾರಣವೂ ಇತ್ತು. ದೇಶದ ಅಧ್ಯಕ್ಷರ ಚಿತ್ರ ರೊಟ್ಟಿ ಅಂಗಡಿಯಲ್ಲಿತ್ತು, ಕ್ಷೌರದಂಗಡಿಯಲ್ಲಿತ್ತು, ನನ್ನ ಹಮ್ಮಾಮಿನ ಬಾಗಿಲೊಳಗೂ ಇತ್ತು. ಅಲ್ಲಿ ಅದು ಹಬೆಗೆ ಉಬ್ಬಿ, ಅವರ ಕೆನ್ನೆ ಎರಡರಷ್ಟಾಗಿತ್ತು. ಅದನ್ನು ನೋಡಿ ಯಾರೂ ನಗುತ್ತಿರಲಿಲ್ಲ.

ದಲಂದಾ ಯಾರೂ ಮುಟ್ಟದ ಮೊಕದ್ದಮೆಗಳನ್ನು ಹಿಡಿಯುತ್ತಿದ್ದಳು. ಮದುವೆ ಮನೆಯಲ್ಲಿ ಒಂದು ನಗೆಮಾತು ಹೇಳಿ ಜೈಲಿಗೆ ಹೋದವನು, ಸಂಘ ಕಟ್ಟಿದ್ದಕ್ಕೆ ಕೆಲಸ ಕಳೆದುಕೊಂಡ ಗಣಿಯವರು, ತಲೆವಸ್ತ್ರ ತೆಗೆಯೆಂದಾಗ ತೆಗೆಯದೆ ಕಾಲೇಜಿನಿಂದ ಹೊರಬಿದ್ದ ಹುಡುಗಿಯರು. ಅವಳು ಸ್ವತಃ ತಲೆಗೆ ವಸ್ತ್ರ ಸುತ್ತುತ್ತಿದ್ದುದು ನಮಾಜಿನ ಹೊತ್ತಿಗೆ ಮಾತ್ರ. ಆದರೆ ಆ ಹುಡುಗಿಯರ ಪರವಾಗಿ ಅವಳು ವಾದಿಸಿದ ರೀತಿಗೆ ಗುಮಾಸ್ತರೂ ಲೇಖನಿ ನಿಲ್ಲಿಸಿ ಕೇಳಿದ್ದರಂತೆ. ಮದುವೆಯಾಗಲಿಲ್ಲ. ಯಾರಾದರೂ ಕೆದಕಿದರೆ, "ವಿಚಾರಣೆ ನಡೀತಾ ಇದೆ. ತೀರ್ಪು ಬಂದ್ಮೇಲೆ ಹೇಳಿಕಳಿಸ್ತೀನಿ" ಅನ್ನುತ್ತಿದ್ದಳು.

ನಮಗೆ ನಲವತ್ತಮೂರಾದ ವರ್ಷ ಅವಳ ಕಚೇರಿಯ ಮೆಟ್ಟಿಲ ಬಳಿ ಸಾದಾ ಉಡುಪಿನ ಪೊಲೀಸೊಬ್ಬ ಬಂದು ನಿಂತ. ಹೆಸರು ಸಿ ಫರ್ಜಾನಿ, ಸಿ ಎಂದರೆ ಶ್ರೀಯುತ. ಯಾರನ್ನೂ ತಡೆಯುತ್ತಿರಲಿಲ್ಲ. ಹತ್ತುವವರ ಗುರುತಿನ ಚೀಟಿ ಕೇಳಿ, ಹೆಸರು ಬರೆದುಕೊಂಡು, "ಹೋಗಿ ಬನ್ನಿ" ಅನ್ನುತ್ತಿದ್ದ. ಅಷ್ಟೇ ಸಾಕಾಯಿತು. ಒಂದು ತಿಂಗಳಲ್ಲಿ ಮೆಟ್ಟಿಲು ಹತ್ತುವವರೇ ಇಲ್ಲವಾದರು. ಫೋನು ತಾನಾಗಿ ಸತ್ತಿತು. ದಲಂದಾ ಕಿಟಕಿಯ ಬಳಿ ಕೂತು ಮಂಜು ನೋಡುತ್ತಿದ್ದಳು.

ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಹಿಮ ಬಿತ್ತು. ಶಾಲೆಗೆ ರಜೆ ಕೊಟ್ಟರು. ಅದಾದ ಮರುವಾರ, ಗುರುವಾರ ಮಧ್ಯಾಹ್ನ, ದಲಂದಾ ಸ್ನಾನಕ್ಕೆ ಬಂದಳು. ನಮ್ಮಲ್ಲಿ ಬೆಳಿಗ್ಗೆ ಗಂಡಸರಿಗೆ, ಮಧ್ಯಾಹ್ನದಿಂದ ಹೆಂಗಸರಿಗೆ. ಗುಮ್ಮಟದಲ್ಲಿ ಹುದುಗಿಸಿದ ಹಸಿರು ಗಾಜಿನ ಬಿಲ್ಲೆಗಳಿಂದ ಬೆಳಕು ಕೋಲುಕೋಲಾಗಿ ಇಳಿದು ಹಬೆಯಲ್ಲೇ ಕರಗುತ್ತದೆ, ನೆಲ ಮುಟ್ಟುವುದಿಲ್ಲ. ಆ ಬೆಳಕಿನಲ್ಲಿ ಎಲ್ಲ ಹೆಂಗಸರೂ ಒಂದೇ ವಯಸ್ಸಿನವರಂತೆ ಕಾಣುತ್ತಾರೆ. ದಲಂದಾ ಬಿಸಿಗಲ್ಲಿನ ಮೇಲೆ ಬೋರಲಾಗಿ ಮಲಗಿದ್ದಳು. ನಾನು ಒರಟು ಕೈಗವಸು ತೊಟ್ಟು ಅವಳ ಬೆನ್ನು ಉಜ್ಜುತ್ತಿದ್ದೆ. ಆಗ ಹಬೆಯೊಳಗಿಂದ ಖಾಲ್ತಿ ಮನ್ನೂಬಿಯಾ ಬಂದು ಪಕ್ಕದಲ್ಲಿ ಕೂತಳು. ಊರಿಗೆಲ್ಲ ಖಾಲ್ತಿ, ಎಂದರೆ ಚಿಕ್ಕಮ್ಮ. ಅವಳ ದೊಡ್ಡ ಮಗ ಲಸ್ಸಾದ್ ಅಂಚೆ ಕಚೇರಿಯಲ್ಲಿ ಗುಮಾಸ್ತ.

"ಉಸ್ತಾದಾ, ನಿದ್ದೆ ಬಂತಾ?"

"ಇಲ್ಲ ಖಾಲ್ತಿ, ಹೇಳು."

"ನಿನ್ನ ಮೆಟ್ಟಿಲ ಹತ್ರ ಮೂರು ಸಲ ಬಂದೆ. ಮೂರು ಸಲಾನೂ ವಾಪಸ್ ಹೋದೆ. ನಾನು ಹೆದರಿದ್ದು ನನಗಲ್ಲ, ಚಿಕ್ಕ ಮಗನ ಕೆಲ್ಸಾನೂ ಹೋದ್ರೆ ಅಂತ."

"ಇಲ್ಲಿ ಮೆಟ್ಟಿಲಿಲ್ಲ. ಹೇಳು."

ಹಿಮ ಬಿದ್ದ ಬೆಳಿಗ್ಗೆ ಲಸ್ಸಾದ್ ರೊಟ್ಟಿಯ ಸಾಲಿನಲ್ಲಿ ನಿಂತಿದ್ದ. ಹಿಂದಿನ ದಿನ ಅವನು ಅಂಚೆಯವರ ಸಂಘದ ಸಭೆಯಲ್ಲಿ ಒಂದು ಹೇಳಿಕೆ ಗಟ್ಟಿಯಾಗಿ ಓದಿದ್ದನಂತೆ. ಬಿಳಿ ಕಾರೊಂದು ನಿಂತಿತು. ಇಬ್ಬರು ಇಳಿದು ಅವನ ಎರಡೂ ತೋಳು ಹಿಡಿದುಕೊಂಡು, ಗೆಳೆಯರ ಹಾಗೆ ಮಾತಾಡಿಸುತ್ತ ಕರೆದುಕೊಂಡು ಹೋದರು. ಠಾಣೆಯಲ್ಲಿ ಕೇಳಿದರೆ, "ನಮ್ಮಲ್ಲಿಲ್ಲ, ಇಟಲಿಗೆ ದೋಣಿ ಹತ್ತಿರ್ಬೇಕು ನೋಡಿ" ಅಂದರಂತೆ.

"ದೋಣಿಯಂತೆ," ಅಂದಳು ಮನ್ನೂಬಿಯಾ. "ಅವನು ಬಸ್ಸಲ್ಲಿ ಕೂತ್ರೇ ವಾಂತಿ ಮಾಡ್ಕೊಳ್ಳೋನು."

ಹಬೆಯೊಳಗೆ ಯಾರೋ ಕಿಸಕ್ಕೆಂದು ನಕ್ಕು, ತಡೆದುಕೊಂಡರು. ದಲಂದಾ ಎದ್ದು ಕೂತಳು. ಯಾವ ಹೊತ್ತು, ಕಾರಿಗೆ ಎಷ್ಟು ಬಾಗಿಲು, ಯಾವ ಅಂಗಿ, ಎಲ್ಲ ಕೇಳಿದಳು. ಅಲ್ಲಿ ಕಾಗದ ಇಟ್ಟರೆ ಮುದ್ದೆಯಾಗುತ್ತದೆ. ಅವಳು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಮೊದಲಿಂದ ಒಪ್ಪಿಸಿದಳು, ಮಕ್ಕಳು ಕುರಾನಿನ ಸಣ್ಣ ಸೂರಾಗಳನ್ನು ಒಪ್ಪಿಸುವ ಹಾಗೆ, ಸ್ವಲ್ಪ ತೂಗುತ್ತ. ಮನ್ನೂಬಿಯಾ ಒಂದು ಕಡೆ ತಿದ್ದಿದಳು. "ನೀಲಿ ಅಂಗಿ ಅಲ್ಲ ಮಗಳೇ, ಬೂದಿ. ನಾನೇ ಗುಂಡಿ ಹೊಲಿದಿದ್ದೆ, ಮೇಲಿನದು ಒಂದು ಬೇರೆ ಬಣ್ಣ."

ಅಲ್ಲಿಂದ ಮುಂದೆ ಮಧ್ಯಾಹ್ನಗಳಲ್ಲಿ ನನ್ನ ಹಮ್ಮಾಮು ವಕೀಲರ ಕಚೇರಿಯಾಯಿತು. ಕೈದಿಗಳ ಹೆಂಡಂದಿರು, ಅಕ್ಕತಂಗಿಯರು ಕೂದಲು ತೊಳೆಯುವ ಜೇಡಿಮಣ್ಣನ್ನು ತಲೆಗೆ ಮೆತ್ತಿಕೊಂಡು ಸರದಿಗೆ ಕೂರುತ್ತಿದ್ದರು. ಕಿತ್ತಳೆ ಸುಲಿಯುವ ವಾಸನೆ, ನೀರು ಸುರಿಯುವ ಸದ್ದು, ಆ ಸದ್ದಿನ ಕೆಳಗೆ ಪಿಸುಮಾತು. ಒಬ್ಬರ ನೋವು ಇನ್ನೊಬ್ಬರ ಕಿವಿಗೆ ಅರ್ಧ ಬೀಳುತ್ತಿತ್ತು, ಅರ್ಧ ಹಬೆಯಲ್ಲಿ ಹೋಗುತ್ತಿತ್ತು. ಕಣ್ಣು ಮುಚ್ಚಿ ಕೂತ ದಲಂದಾಳನ್ನು ತೋರಿಸಿ, ಆಗಷ್ಟೇ ತನ್ನ ಕತೆ ಹೇಳಿ ಮುಗಿಸಿದ ಹೊಸಬಳೊಬ್ಬಳು, "ಚೆನ್ನಾಗಿದೆ, ನನ್ನ ಗಂಡ ಅಲ್ಲಿ ಒದೆ ತಿಂತಿದ್ರೆ ನಿಮ್ಮ ವಕೀಲೆ ಇಲ್ಲಿ ಗೊರಕೆ ಹೊಡೀತಿದ್ದಾಳೆ" ಅಂದಳು. ದಲಂದಾ ಕಣ್ಣು ತೆರೆಯದೆ ಆಕೆಯ ಗಂಡನ ಹೆಸರು, ಹಿಡಿದ ದಿನ, ಕೋಣೆಯ ನಂಬರು ಹೇಳಿದಳು. ಆಕೆ ಹೋಗಿ ಅವಳ ಕಾಲ ಬಳಿ ಒಂದು ಬಕೆಟ್ ಬಿಸಿನೀರು ತಂದಿಟ್ಟಳು.

ಸಿ ಫರ್ಜಾನಿಗೆ ವಿಷಯ ಗೊತ್ತಾಗದಿರಲಿಲ್ಲ. ಅವನು ಹಮ್ಮಾಮಿನ ಎದುರಿನ ಗೋಡೆಗೆ ಒರಗಿ ನಿಲ್ಲತೊಡಗಿದ. ಆದರೆ ಮಧ್ಯಾಹ್ನ ಆ ಬಾಗಿಲು ದಾಟುವ ಹಾಗಿಲ್ಲ. ದಾಟಿದರೆ ಅವನ ಸ್ವಂತ ತಾಯಿಯೇ ಅವನನ್ನು ಮನೆಗೆ ಸೇರಿಸುತ್ತಿರಲಿಲ್ಲ.

"ಉಸ್ತಾದಾ, ಈ ವಾರ ಇದು ಮೂರನೇ ಸ್ನಾನ," ಅಂದ ಒಂದು ದಿನ, ಮೂಗು ಕೆಂಪಾಗಿಸಿಕೊಂಡು.

"ಏನ್ಮಾಡೋದು ಸಿ ಫರ್ಜಾನಿ, ಊರಲ್ಲಿ ಕೊಳೆ ಜಾಸ್ತಿ ಆಗಿದೆ."

"ಬರ್ಕೊಳ್ಳಲಾ ಅದನ್ನ?"

"ಬರ್ಕೊಳ್ಳಿ. ಕೊಳೆಗೆ ಎರಡು ಅಡಿಗೆರೆ ಹಾಕಿ. ಕಿವಿ ಮುಚ್ಚೋ ಟೋಪಿ ಹಾಕ್ಕೊಳ್ಳಿ, ಗಾಳಿ ಕೆಟ್ಟದು."

ಅವನ ಹೆಂಡತಿ ಸಬೀಹಾ ಸಹ ನಮ್ಮಲ್ಲಿಗೇ ಬರುತ್ತಿದ್ದಳು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಅವಳು ಬಂದರೆ ಪಿಸುಮಾತು ನಿಂತುಹೋಗುತ್ತಿತ್ತು. ಅವಳಿಗೂ ಅದು ಗೊತ್ತಿತ್ತು. ಮೂಲೆಯಲ್ಲಿ ಬೇಗಬೇಗ ಮಿಂದು ಹೋಗುತ್ತಿದ್ದಳು. ಫೆಬ್ರವರಿಯ ಮೂರನೇ ಗುರುವಾರ ಅವಳು ಹೋಗಲಿಲ್ಲ. ಉಳಿದವರೆಲ್ಲ ತಣ್ಣನೆ ಕೋಣೆಗೆ ಹೋಗುವವರೆಗೆ ಕಾದು, ದಲಂದಾಳ ಪಕ್ಕ ಕೂತಳು. ನಾನು ಎದ್ದೆ. "ನೀನಿರು ಮಬ್ರೂಕಾ" ಅಂದಳು ದಲಂದಾ.

ಸಬೀಹಾ ನೀರಿನ ತಂಬಿಗೆಯೊಂದಿಗೆ ಮಾತಾಡುವವಳಂತೆ ತಲೆ ತಗ್ಗಿಸಿ ಹೇಳಿದಳು: "ಆ ಅಂಚೆಯವನು. ಸೈನಿಕರ ಹಳೇ ಕಣಜ ಇದೆಯಲ್ಲ, ಸೇತುವೆ ಆಚೆ. ಅಲ್ಲಿದಾನೆ. ಬದುಕಿದಾನೆ."

"ನಿನಗ್ಯಾರು ಹೇಳಿದ್ರು?"

"ನಮ್ಮನೆಯವರು ನಿದ್ದೆಯಲ್ಲಿ ಮಾತಾಡ್ತಾರೆ. ಮೊದ್ಲು ಮಾತಾಡ್ತಿರ್ಲಿಲ್ಲ. ಈಗ ಕೈ ನಡುಗುತ್ತೆ, ಚಾ ಲೋಟ ಎರಡೂ ಕೈಲಿ ಹಿಡೀತಾರೆ." ತಂಬಿಗೆ ಕೆಳಗಿಟ್ಟು, "ನನ್ನ ಹೆಸರು ಎಲ್ಲೂ ಬರಬಾರದು ಉಸ್ತಾದಾ."

"ನೀನು ಯಾರು ಅಂತ್ಲೇ ನನಗೆ ಗೊತ್ತಿಲ್ಲ," ಅಂದಳು ದಲಂದಾ. "ಈ ಹಬೆಯಲ್ಲಿ ಮುಖ ಎಲ್ಲಿ ಕಾಣುತ್ತೆ?"

ಮರುದಿನ ಬೆಳಿಗ್ಗೆ ಮನ್ನೂಬಿಯಾ ಬುಟ್ಟಿ ಕಟ್ಟಿದಳು. ನಮ್ಮಲ್ಲಿ ಯಾರಾದರೂ ಒಳಗಿದ್ದರೆ ಮನೆಯಿಂದ ಬುಟ್ಟಿ ಹೋಗುತ್ತದೆ. ಊಟ ಹೋಗಿ ಕೊಳೆ ಬಟ್ಟೆ ಬರುತ್ತದೆ. ಬಿಸಿ ರೊಟ್ಟಿ, ಬೇಯಿಸಿದ ಮೊಟ್ಟೆ, ಹರೀಸಾ ಎಂಬ ಕೆಂಪು ಮೆಣಸಿನ ಚಟ್ನಿ, ಒಂದು ಹಿಡಿ ಖರ್ಜೂರ. ದಲಂದಾ ಜೊತೆಗೆ ಹೋದಳು; ನನ್ನನ್ನೂ ಕರೆದಳು, ಮೂರು ಹೆಂಗಸರಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸೇತುವೆಯ ಮೇಲೆ ನಡೆಯುವಾಗ ಕೆಳಗೆ ಹೊಳೆ ಇದೆಯೆಂಬುದು ಸದ್ದಿನಿಂದಷ್ಟೇ ಗೊತ್ತಾಗುತ್ತಿತ್ತು. ಕಣಜದ ಬಾಗಿಲು ನಮ್ಮೆದುರಿಗೆ ತಟ್ಟನೆ ಕಂಡಿತು. ಕಾವಲಿಗಿದ್ದವನು ಹೊಸಬ, ದಕ್ಷಿಣದವನು, ಚಳಿಗೆ ಕಂಬಳಿ ಹೊದ್ದಿದ್ದ.

ದಲಂದಾ ಏನನ್ನೂ ಕೇಳಲಿಲ್ಲ. ದಿನಾ ಬರುವವಳ ಹಾಗೆ ಬುಟ್ಟಿ ಮುಂದೆ ಮಾಡಿ, "ಲಸ್ಸಾದ್‌ನ ಬುಟ್ಟಿ. ಕೊಳೆ ಬಟ್ಟೆ ಕೊಟ್ಬಿಡಪ್ಪ, ಇವರಿಗೆ ಮಂಡಿ ನೋವು, ನಿಲ್ಲೋಕಾಗಲ್ಲ" ಅಂದಳು.

ಅವನು ಬುಟ್ಟಿ ತೆಗೆದುಕೊಂಡು ಒಳಗೆ ಹೋದ. ಬಹಳ ಹೊತ್ತಾಯಿತು. ಮನ್ನೂಬಿಯಾ ತುಟಿಯಲ್ಲೇ ದುವಾ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಅವನು ಊಟ ಖಾಲಿಯಾದ ಬುಟ್ಟಿ ತಂದುಕೊಟ್ಟ. ಅದರಲ್ಲಿ ಮಡಿಸಿದ ಬೂದಿ ಅಂಗಿ. ಮೇಲಿನ ಗುಂಡಿ ಬೇರೆ ಬಣ್ಣ. ಮನ್ನೂಬಿಯಾ ಅದನ್ನು ಮೂಗಿಗೆ ಒತ್ತಿಕೊಂಡಳು. "ಅಳಬೇಡ ಖಾಲ್ತಿ, ಇಲ್ಲಿ ಬೇಡ," ಅಂದಳು ದಲಂದಾ. ಸೇತುವೆ ದಾಟಿದ ಮೇಲೆ ಇಬ್ಬರೂ ಅತ್ತರು.

ಅಲ್ಲಿಂದ ದಲಂದಾ ನೇರ ಅಂಚೆ ಕಚೇರಿಗೆ ಹೋದಳು. ಲಸ್ಸಾದ್‌ನ ಖಾಲಿ ಕುರ್ಚಿಯ ಪಕ್ಕದ ಕಿಟಕಿಯಲ್ಲಿ ಅವನ ಗೆಳೆಯ ಕೂತಿದ್ದ. ಅವಳು ಸರ್ಕಾರಿ ವಕೀಲರಿಗೊಂದು, ರಾಜಧಾನಿಯ ವಕೀಲರ ಸಂಘಕ್ಕೊಂದು ತಂತಿ ಬರೆದುಕೊಟ್ಟಳು: ಲಸ್ಸಾದ್ ಹಳೆಯ ಕಣಜದಲ್ಲಿದ್ದಾನೆ, ಇಂದು ಬೆಳಿಗ್ಗೆ ಅವನ ತಾಯಿಯ ಬುಟ್ಟಿ ಒಳಗೆ ಹೋಗಿದೆ, ಅಂಗಿ ಹೊರಗೆ ಬಂದಿದೆ. ಗೆಳೆಯ ಓದಿದ. ಮೊಹರನ್ನು ಮಸಿಗೆ ಎರಡು ಸಲ ಒತ್ತಿ, ತಾರೀಕು ಅಚ್ಚುಕಟ್ಟಾಗಿ ಮೂಡುವ ಹಾಗೆ ನಕಲಿನ ಮೇಲೆ ಹಾಕಿದ. ಆಮೇಲೆ ಅದರ ಮೇಲೆ ಊದಿದ.

ಮಾರ್ಚ್ ಮೊದಲ ವಾರ ಪೊಲೀಸರು ಲಸ್ಸಾದ್‌ನನ್ನು ಆಗಷ್ಟೇ ಹಿಡಿದೆವೆಂದು ಪ್ರಕಟಿಸಿದರು. ತಪ್ಪೊಪ್ಪಿಗೆಯೂ ಸಿದ್ಧವಿತ್ತು. ಏಪ್ರಿಲ್‌ನಲ್ಲಿ ವಿಚಾರಣೆ. ಹಿಂದಿನ ಬೆಂಚಿನಲ್ಲಿ ನಾನಿದ್ದೆ. ಲಸ್ಸಾದ್ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಇನ್ನೂ ಎಚ್ಚರಾಗದವನಂತೆ ನಿಂತಿದ್ದ. ದಲಂದಾ ಕೂಗಾಡಲಿಲ್ಲ. ತಂತಿಯ ನಕಲನ್ನು ಮೇಜಿನ ಮೇಲಿಟ್ಟಳು.

"ಸ್ವಾಮಿ, ಮಾರ್ಚ್ ಮೂರಕ್ಕೆ ಹಿಡಿದವನ ಅಂಗಿ ಫೆಬ್ರವರಿಯಲ್ಲಿ ಅವನ ತಾಯಿ ಕೈಗೆ ಹೇಗೆ ಬಂತು? ನಾನು ಹೇಳೋದು ಬೇಡ. ಅಂಚೆ ಮೊಹರು ಹೇಳಲಿ, ಅದು ಸರ್ಕಾರದ್ದೇ."

ನ್ಯಾಯಾಧೀಶರು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ನಂತರ ಕೇಳಿದರು: "ಅವನು ಅಲ್ಲಿದ್ದಾನೆ ಅಂತ ನಿಮಗೆ ಹೇಳಿದ್ಯಾರು?"

"ಅದನ್ನ ಹೇಳಲ್ಲ."

"ಉಸ್ತಾದಾ, ಇದು ನ್ಯಾಯಾಲಯದ ಆದೇಶ."

"ಗೊತ್ತಾಯ್ತು ಸ್ವಾಮಿ. ಹೇಳಲ್ಲ."

ಬಾಗಿಲ ಬಳಿ ಸಿ ಫರ್ಜಾನಿ ನಿಂತಿದ್ದ. ನಾನು ತಿರುಗಿ ನೋಡಬಾರದೆಂದುಕೊಂಡೆ; ನೋಡಿಯೂಬಿಟ್ಟೆ. ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

ಸರ್ಕಾರಿ ವಕೀಲರು ಎಂಟು ವರ್ಷ ಕೇಳಿದ್ದರು. ಹಿಡಿದ ತಾರೀಕೇ ಸುಳ್ಳೆಂದಾದ ಮೇಲೆ ಆ ತಪ್ಪೊಪ್ಪಿಗೆ ನಿಲ್ಲಲಿಲ್ಲ. ಶಿಕ್ಷೆಯಿಲ್ಲದೆ ಬಿಡುವ ಧೈರ್ಯ ನ್ಯಾಯಾಧೀಶರಿಗಿರಲಿಲ್ಲ. ಒಂದು ವರ್ಷ ಕೊಟ್ಟರು, ಹಿಮ ಬಿದ್ದ ದಿನದಿಂದ ಎಣಿಸಿ. ಹೆಸರು ಹೇಳದ್ದಕ್ಕೆ ದಲಂದಾಳಿಗೆ ಎಂಟು ತಿಂಗಳು ನ್ಯಾಯಾಲಯದ ಮೆಟ್ಟಿಲು ಹತ್ತಬಾರದೆಂದಾಯಿತು. ಅವಳು ಮನೆಗೆ ಬಂದು ಎರಡು ದಿನ ಮಲಗಿದಳು. ಮೂರನೇ ದಿನ ನನ್ನ ಹತ್ತಿರ ಬಂದು, "ಕೆಲಸ ಇದ್ರೆ ಕೊಡು" ಅಂದಳು. ಕೈಗವಸು ಕೊಟ್ಟೆ. ಅವಳಷ್ಟು ಕೆಟ್ಟದಾಗಿ ಬೆನ್ನು ಉಜ್ಜುವವರನ್ನು ನಾನು ನೋಡಿಲ್ಲ.

"ಉಸ್ತಾದಾ, ನನ್ನ ಚರ್ಮ ಏನು ತಪ್ಪು ಮಾಡಿದೆ ಅಂತ ಹೇಳಿ, ಒಪ್ಕೊಂಡ್ಬಿಡ್ತೀನಿ" ಎಂದು ಹೆಂಗಸರು ನರಳುತ್ತಿದ್ದರು.

ಮೇ ತಿಂಗಳಲ್ಲಿ ಸಿ ಫರ್ಜಾನಿಯನ್ನು ದಕ್ಷಿಣಕ್ಕೆ, ಮರಳಿನ ಅಂಚಿನ ಊರಿಗೆ ವರ್ಗ ಮಾಡಿದರು. ಹೊರಡುವ ಮುನ್ನಾದಿನ ಸಬೀಹಾ ಕೊನೆಯ ಸ್ನಾನಕ್ಕೆ ಬಂದಳು. ದಲಂದಾ ಅವಳ ತಲೆಗೆ ಜೇಡಿ ಹಚ್ಚಿ, ಬೆರಳಿನಿಂದ ಸಿಕ್ಕು ಬಿಡಿಸಿದಳು. ಅಷ್ಟು ಮೆತ್ತಗೆ ಅವಳ ಕೈ ಆಡಿದ್ದನ್ನು ನಾನು ಕಂಡದ್ದು ಅಂದೇ.

"ಅವರಿಗೆ ಗೊತ್ತಾಗಿದೆಯಾ?" ಎಂದು ಕೇಳಿದಳು.

"ಕೇಳಿಲ್ಲ ಅವರು. ಆದ್ರೆ ಆವತ್ತಿಂದ ಬೆಳಗಿನ ಚಾ ಅವರೇ ಮಾಡ್ತಾರೆ." ಸಬೀಹಾ ಕಣ್ಣು ಮುಚ್ಚಿದ್ದಳು. "ಅಲ್ಲಿ ನೀರು ಕಡಿಮೆಯಂತೆ."

"ನನ್ನಿಂದ ಆಯ್ತಲ್ಲ ಇದು."

"ಇಲ್ಲ. ನನಗೂ ನಿದ್ದೆ ಬರ್ತಿರ್ಲಿಲ್ಲ. ಈಗ ಬರುತ್ತೆ."

ಆಮೇಲೆ ಅವಳ ಸುದ್ದಿ ನಮಗೆ ಸಿಗಲಿಲ್ಲ. ದಲಂದಾ ಆ ಊರಿಂದ ಬಂದವರನ್ನೆಲ್ಲ ವಿಚಾರಿಸುತ್ತಿದ್ದಳು, ಹೆಸರು ಹೇಳದೆ: ಅಲ್ಲಿ ನೀರು ಬರ್ತಿದೆಯಾ, ಬಾವಿ ತೋಡಿದ್ರಾ ಎಂದು. ಅವರು ಇವಳಿಗೆ ಅಲ್ಲಿ ಜಮೀನಿದೆಯೆಂದುಕೊಂಡರು.

ಲಸ್ಸಾದ್ ಮರುವರ್ಷ ಜನವರಿಯಲ್ಲಿ ಬಿಡುಗಡೆಯಾದ. ಕೆಲಸ ವಾಪಸು ಸಿಗಲಿಲ್ಲ. ಈಗ ಸಂತೆಯ ಬಳಿ ರೇಡಿಯೋ ರಿಪೇರಿ ಮಾಡುತ್ತಾನೆ. ಮಾತು ಕಡಿಮೆ. ಅವನ ಮದುವೆಗೆ ಇಡೀ ಹಮ್ಮಾಮನ್ನು ಒಂದು ದಿನ ವಧುವಿನ ಕಡೆಯವರಿಗೆ ಬಿಟ್ಟುಕೊಟ್ಟೆ.

ಎಂಟು ತಿಂಗಳು ಮುಗಿದ ಮೇಲೆ ದಲಂದಾ ಕಚೇರಿಯ ಬೀಗ ತೆಗೆದಳು. ನಾನು ನೆಲ ಒರೆಸಲು ಹೋಗಿದ್ದೆ. ಮೆಟ್ಟಿಲ ಬಳಿ ಇನ್ನೊಬ್ಬ ಪೊಲೀಸು, ಅವನದೂ ಒಂದು ಪುಸ್ತಕ. ಹನ್ನೊಂದರ ಹೊತ್ತಿಗೆ ಕೆಳಗೆ ಜಗಳದ ಸದ್ದು ಕೇಳಿತು. ಅಕ್ಕಪಕ್ಕದ ಮನೆಯ ಇಬ್ಬರು ಮುದುಕರು ಪೊಲೀಸಿನವನನ್ನು ಪಕ್ಕಕ್ಕೆ ಸರಿಸಿ, ಒಬ್ಬರನ್ನೊಬ್ಬರು ಬೈಯುತ್ತ ಮೇಲೆ ಬಂದರು. ಒಬ್ಬನ ಅಂಜೂರದ ಮರ ಇನ್ನೊಬ್ಬನ ಗೋಡೆಯೊಳಗೆ ಬೇರು ಬಿಟ್ಟಿತ್ತು.

"ಮರದ ವಿಷಯವಾ?" ಅಂದಳು ದಲಂದಾ. "ಬರೀ ಮರದ್ದಾ?"

"ಬರೀ ಮರ ಅಂತೀರಾ? ನಲವತ್ತು ವರ್ಷದ ಮರ ಉಸ್ತಾದಾ."

ಅವಳು ಕುರ್ಚಿ ಎಳೆದು ಕೊಟ್ಟಳು. ಹೊಸ ಕಾಗದ ತೆಗೆದು, ಬಿಸ್ಮಿಲ್ಲಾ ಎಂದು ಮೇಲೆ ಬರೆದು, ಹಣ್ಣು ಬಿಳಿಯದೋ ಕಪ್ಪೋ ಎಂದು ಕೇಳಿದಳು. ಇಬ್ಬರೂ ಒಟ್ಟಿಗೆ ಉತ್ತರ ಕೊಟ್ಟರು. ನಾನು ಬಕೆಟ್ ಎತ್ತಿಕೊಂಡು ಕೆಳಗಿಳಿದೆ. ಹೆಂಗಸರ ಹೊತ್ತಾಗುತ್ತಿತ್ತು, ಒಲೆಗೆ ಸೌದೆ ಹಾಕಬೇಕಿತ್ತು.