ಗಾಜಿನ ಬಾಗಿಲಿಗೆ ಒಂದು ತಿಂಗಳ ಕಾಗದ

ಬೆಳಕು ಇನ್ನೂ ಬಲಿತಿಲ್ಲ. ಪೇಟೆಯ ಕೊನೆಯಲ್ಲಿರುವ ಮಾಲಿನ ಮುಂದೆ ಒಂದು ಹಳೆಯ ಸೈಕಲ್ಲು ನಿಂತಿದೆ. ಹ್ಯಾಂಡಲಿಗೆ ತೂಗುಬಿದ್ದ ತಗಡಿನ ಡಬ್ಬ, ಡಬ್ಬದೊಳಗೆ ಕೂದಲು ಸವೆದ ಅಗಲ ಬ್ರಷ್ಷು. ಗಾಜಿನ ಬಾಗಿಲಿನ ಒಳಮಗ್ಗುಲಲ್ಲಿ ಐವತ್ತು ದಾಟಿದ ಗಂಡಸೊಬ್ಬರು ಬಗ್ಗಿ ನಿಂತು, ಅಲ್ಲಿ ಅಂಟಿಸಿರುವ ಕಾಗದವೊಂದರ ಅಂಚನ್ನು ಒದ್ದೆ ಬಟ್ಟೆಯಿಂದ ನೆನೆಸುತ್ತಿದ್ದಾರೆ. ಉಜ್ಜುವುದಿಲ್ಲ, ಕೆರೆಯುವುದಿಲ್ಲ. ಆಗತಾನೇ ಹುಟ್ಟಿದ ಕರುವಿನ ಮೈ ಒರೆಸುವ ಹಾಗೆ ಬಟ್ಟೆಯನ್ನು ಒತ್ತಿ, ತೆಗೆದು, ಕಾಗದ ನೀರು ಕುಡಿಯುವವರೆಗೆ ಕಾಯುತ್ತಾರೆ.

ಪಕ್ಕದಲ್ಲಿ ಬಕೆಟ್ಟು ಹಿಡಿದು ನಿಂತ ಹೆಂಗಸಿಗೆ ತಾಳ್ಮೆ ಸಾಲದು. ಮಾಲಿನ ಗಾಜೆಲ್ಲ ಒರೆಸುವ ಕೆಲಸ ಅವರದು.

“ಎಷ್ಟು ಹೊತ್ತು ನೆನೆಸ್ತೀರಣ್ಣ? ಅದೇನು ಕಾಳೇ, ಮೊಳಕೆ ಬರೋಕೆ?”

“ಎಳೆದ್ರೆ ಹರಿಯುತ್ತೆ ತಂಗಿ. ತಾನಾಗೇ ಬಿಡಬೇಕು.”

ಕಚೇರಿಯ ಹಾಜರಿಯಲ್ಲಿ ಇವರಿಗೆ ಬೇರೆ ಹೆಸರಿದೆ. ಆ ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಮೇಲಧಿಕಾರಿಯಿಂದ ಹಿಡಿದು ಸೈಕಲ್ಲಿಗೆ ಗಾಳಿ ಹಾಕುವವನವರೆಗೆ ಎಲ್ಲರಿಗೂ ಅವರು ಗೋಂದಣ್ಣ. ನಗರ ಯೋಜನಾ ಕಚೇರಿಯ ಜವಾನ. ಊರಿನ ಗೋಡೆ, ಗೇಟು, ಕಂಬಗಳ ಮೇಲೆ ಸರ್ಕಾರದ ನೋಟೀಸು ಅಂಟಿಸುವುದು ಅವರ ಪಾಲಿನ ಕೆಲಸ. ಬೇರೆಯವರು ಬೇಡವೆಂದು ಬಿಟ್ಟದ್ದು ಇವರ ಹೆಗಲಿಗೆ ಬಂದು, ಅಲ್ಲೇ ಉಳಿದಿದೆ.

ನೋಟೀಸಿಗೆ ಅಷ್ಟೇನು ಮಹತ್ವ ಎಂದು ನಮಗೆ ಅನ್ನಿಸಬಹುದು. ಊರಿನ ನಕಾಶೆಯಲ್ಲಿ ಇಷ್ಟು ಜಾಗ ಮನೆಗಳಿಗೆ, ಇಷ್ಟು ಅಂಗಡಿಗಳಿಗೆ, ಇಷ್ಟು ಕಾರ್ಖಾನೆಗಳಿಗೆ ಎಂದು ಗೆರೆ ಎಳೆದಿರುತ್ತಾರೆ, ಹೊಲಕ್ಕೆ ಬದು ಹಾಕಿದಂತೆ. ಅಂಗಡಿಗಳ ಬದುವಿನೊಳಗೆ ಒಂದು ಶಾಲೆ ಬರಬೇಕೆಂದರೆ ಕಚೇರಿ ಒಪ್ಪಬೇಕು. ಒಪ್ಪುವ ಮುನ್ನ ಸುತ್ತಲಿನವರನ್ನು ಕೇಳಬೇಕು. ಹಾಗೆ ಕೇಳುವ ಬಾಯಿಯೇ ಈ ಕಾಗದ. ಅದು ಆ ಕಟ್ಟಡದ ಮುಂಬಾಗಿಲಲ್ಲಿ ಒಂದು ತಿಂಗಳು ಎಡೆಬಿಡದೆ ನಿಂತಿರಬೇಕು. ನಡುವೆ ಒಂದು ದಿನ ಇಲ್ಲವಾದರೂ ಎಣಿಕೆ ಮತ್ತೆ ಮೊದಲಿನಿಂದ.

ಗೋಂದಣ್ಣ ಕಚೇರಿಯಲ್ಲಿ ಕೊಡುವ ಗೋಂದನ್ನು ಮುಟ್ಟುವುದಿಲ್ಲ. ಮನೆಯಲ್ಲೇ ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕುದಿಸಿ, ಹುಳು ಬೀಳದಿರಲೆಂದು ಚಿಟಿಕೆ ಮೈಲುತುತ್ತು ಹಾಕಿ ಅಂಟು ಕಾಯಿಸುತ್ತಾರೆ. “ಕಚೇರಿ ಗೋಂದು ಹಿಡಿದ್ರೆ ಬಿಡಲ್ಲ. ಕೆರೆದ್ರೆ ಸುಣ್ಣಾನೂ ಕಿತ್ಕೊಂಡು ಬರುತ್ತೆ. ಗೋಡೆ ಏನು ತಪ್ಪು ಮಾಡಿದೆ ಹೇಳಿ?” ಎನ್ನುತ್ತಾರೆ.

ಅವರ ಹೆಂಡತಿ ಒಲೆಯ ಬಳಿಯಿಂದಲೇ ಮಾತು ಸೇರಿಸುತ್ತಾರೆ. “ಮದುವೆಯಾಗಿ ಬಂದ ಹೊಸದರಲ್ಲಿ ಒಲೆ ಮೇಲೆ ಕುದೀತಿತ್ತು. ಗಂಜಿ ಅಂದ್ಕೊಂಡು ಉಪ್ಪು ಹಾಕಿ, ಎರಡು ಬಟ್ಟಲಿಗೆ ಬಗ್ಗಿಸಿಟ್ಟಿದ್ದೆ. ಇವರು ಬಂದು ನೋಡಿ, ‘ಅಯ್ಯೋ, ಇದನ್ನ ಉಂಡ್ರೆ ನಾಳೆಯಿಂದ ಇಬ್ಬರೂ ಬಾಯಿ ಬಿಡೋ ಹಾಗಿಲ್ಲ’ ಅಂದ್ರು.”

“ಬಿಡದೇ ಇದ್ದಿದ್ರೆ ಮನೆ ತಣ್ಣಗಿರ್ತಿತ್ತು” ಎಂದು ಗೋಂದಣ್ಣ ಗೊಣಗುತ್ತಾರೆ. ಹೆಂಡತಿ ಸೌಟು ತೋರಿಸುತ್ತಾರೆ.

ಹುಟ್ಟಿದ್ದು ಹಳ್ಳಿಯಲ್ಲಿ. ಅವರಪ್ಪ ಡಂಗುರ ಸಾರುತ್ತಿದ್ದವರು. ಕೆರೆಯ ತೂಬು ತೆಗೆಯುವ ದಿನ, ದನಗಳಿಗೆ ಚುಚ್ಚುಮದ್ದು ಹಾಕುವ ದಿನ, ಯಾವುದಿದ್ದರೂ ಊರಿಗೆ ತಿಳಿಯುತ್ತಿದ್ದುದು ಅವರ ಗಂಟಲಿನಿಂದ. ಗಾಳಿ ಜೋರಾಗಿದ್ದ ದಿನ ಕೇರಿಯ ತುದಿಯವರೆಗೆ ಕೂಗು ತಲುಪಲಿಲ್ಲವೆಂದು ಅನುಮಾನ ಬಂದರೆ, ಉಣ್ಣಲು ಕೂತಿದ್ದರೂ ಎದ್ದು ಮತ್ತೆ ಹೋಗಿ ಸಾರಿ ಬರುತ್ತಿದ್ದರಂತೆ. “ಗಾಳಿ ತಿಂದ ಮಾತು ಸಾರಿದ ಹಾಗಲ್ಲ ಅನ್ನೋರು. ಅಪ್ಪಂಗೆ ಗಂಟಲಿತ್ತು. ನಂಗೆ ಗಂಟಲಿಲ್ಲ, ಅದಕ್ಕೇ ಅಂಟು” ಎಂದು ಮಗ ನಗುತ್ತಾರೆ.

ಡಂಗುರದವರನ್ನು ಕಂಡರೆ ಜನ ಬಾಗಿಲು ತೆರೆಯುತ್ತಿದ್ದರು. ಗೋಂದಣ್ಣನನ್ನು ಕಂಡರೆ ಹಾಕಿಕೊಳ್ಳುತ್ತಾರೆ. ರಸ್ತೆ ಅಗಲ ಮಾಡಬೇಕು, ಕಟ್ಟೆ ಒಡೆಯಬೇಕು, ಮುಂಗೋಡೆ ಹಿಂದಕ್ಕೆ ಸರಿಯಬೇಕು, ಅವರು ತರುವ ಕಾಗದದಲ್ಲಿ ಇಂಥವೇ. ಸೈಕಲ್ಲು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ‘ಬಂತಪ್ಪ ಶನಿ’ ಎಂದು ಚಿಲಕದ ಸದ್ದಾಗುತ್ತದೆ. ಒಬ್ಬರು ಮಹಡಿಯಿಂದ ಪಾತ್ರೆ ತೊಳೆದ ನೀರು ಸುರಿದದ್ದೂ ಉಂಟು. “ಅಂಟು ಗಟ್ಟಿಯಾಗಿತ್ತು ಅವತ್ತು, ಸ್ವಲ್ಪ ನೀರು ಬೇಕಿತ್ತು ಅಂದ್ಕೊಂಡೆ.”

ಹಾಗಿರುವಾಗ ಈ ವರ್ಷದ ಆರಂಭದಲ್ಲಿ ಅವರ ಕೈಗೆ ಹೊಸ ಬಗೆಯ ನೋಟೀಸೊಂದು ಬಂತು. ಮಾಲಿನ ನೆಲಮಹಡಿಯಲ್ಲಿ, ಮುಚ್ಚಿಹೋದ ಚಪ್ಪಲಿ ಅಂಗಡಿಯ ಜಾಗದಲ್ಲಿ ಶಾಲೆ ನಡೆಸಲು ಅನುಮತಿ ಕೋರಿದ್ದಾರೆ, ಯಾರದಾದರೂ ತಕರಾರಿದೆಯೇ? “ಎರಡು ಸಲ ಓದಿದೆ. ಏನೋ ಒಂದು ಹೋಗುತ್ತೆ ಅನ್ನೋ ಕಾಗದ ಅಲ್ಲ ಇದು. ಏನೋ ಒಂದು ಬರುತ್ತೆ ಅನ್ನೋದು. ಅಂಥದ್ದು ನಾನು ಅಂಟಿಸಿರಲೇ ಇಲ್ಲ.”

ಆ ಮಾಲು ಅರ್ಧ ನಿದ್ದೆಯಲ್ಲಿರುವ ಕಟ್ಟಡ. ಎಷ್ಟೋ ಅಂಗಡಿಗಳ ಷಟರು ಮೇಲೇಳದೆ ವರ್ಷಗಳಾಗಿವೆ. ಖಾಲಿ ಬಿದ್ದಿರುವುದಕ್ಕಿಂತ ಶಾಲೆಯಾದರೂ ಬರಲಿ ಎಂಬ ಲೆಕ್ಕ ಯಜಮಾನರದು. ಇನ್ನು ಶಾಲೆಯೋ, ಬೇರೆ ಶಾಲೆಗಳಲ್ಲಿ ನಿಲ್ಲದ ಮಕ್ಕಳದು. ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರಲಾರದವರು, ಅಕ್ಷರ ಕಂಡರೆ ಬೆವರುವವರು, ಎಲ್ಲರೂ ಹಾಡುವಾಗ ಕಿವಿ ಮುಚ್ಚಿಕೊಳ್ಳುವವರು. ಅದನ್ನು ನಡೆಸುವ ಶಿಕ್ಷಕಿಯನ್ನು ಮಕ್ಕಳು ದೊಡ್ಡಕ್ಕ ಎನ್ನುತ್ತಾರೆ. ಬಾಡಿಗೆ ಮನೆಯೊಂದರಲ್ಲಿ ಶಾಲೆ ನಡೆಯುತ್ತಿತ್ತು. ಮನೆಯ ಮಾಲೀಕರು ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದರು. ನೋಟೀಸಿನ ತಿಂಗಳೂ ಮನೆಯ ಗಡುವೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುವಂತಿದ್ದವು.

ಗೋಂದಣ್ಣನಿಗೆ ಎದುರಾದ ಕಷ್ಟ ಗಾಜಿನದು. ಮುಂಬಾಗಿಲಲ್ಲಿ ಇರುವುದೆಲ್ಲ ಗಾಜೇ. ಅದರ ಹೊರಮೈಗೆ ಅಂಟಿಸಿ ಹಿಂದಕ್ಕೆ ಸರಿಯುವಷ್ಟರಲ್ಲಿ ಗಾಜಿನ ಕೆಲಸದ ಹೆಂಗಸು ಸೋಪಿನ ನೀರು ಹಿಡಿದು ಬಂದಿದ್ದರು.

“ಏನಣ್ಣ ಇದು? ಒಂದು ಬೆರಳ ಗುರುತಿದ್ರೂ ನಂಗೆ ಬೈಗುಳ. ನೀವು ಚಾಪೆ ಹಾಸಿಬಿಟ್ಟಿದ್ದೀರಿ.”

“ಒಂದು ತಿಂಗಳು ಬಿಡು ತಂಗಿ. ಮಕ್ಕಳ ಶಾಲೆ ವಿಷಯ.”

ಅವರು ಬಿಟ್ಟರು. ದಿನವೂ ಕಾಗದದ ಸುತ್ತ ಮಾತ್ರ ಒರೆಸಿದರು. ಗೋಂದಣ್ಣ ದಿನವೂ ಬೆಳಗಿನ ಜಾವ, ನೀರು ಹಾಯಿಸಿದ ಮಡಿ ನೋಡಲು ಬರುವ ರೈತನಂತೆ ಬಂದು ಕಾಗದ ನೋಡಿ ಹೋದರು. ಇನ್ನು ಮೂರೇ ದಿನ ಬಾಕಿ ಇದ್ದಾಗ ಆ ಹೆಂಗಸಿನ ಮಗುವಿಗೆ ಜ್ವರ ಬಂತು. ಅವರ ಬದಲಿಗೆ ಬಂದ ಹೊಸಬರಿಗೆ ಯಾರೂ ಏನೂ ಹೇಳಿರಲಿಲ್ಲ. ಗೋಂದಣ್ಣ ನೋಡಿಕೊಂಡು ಹೋದ ಮೇಲೆ ಅವರು ಗಾಜನ್ನು ಮೇಲಿಂದ ಕೆಳಗೆ ತೊಳೆದರು. ಬಿಡಲೆಂದೇ ಕಾಯಿಸಿದ ಅಂಟು, ನೀರು ಬಿದ್ದೊಡನೆ ಬಿಟ್ಟಿತು. ಮಾರನೆಯ ಬೆಳಗ್ಗೆ ಗೋಂದಣ್ಣ ಬಂದು ನೋಡಿದರೆ ಗಾಜಿನಲ್ಲಿ ಅವರ ಮುಖ ಮಾತ್ರ ಕಂಡಿತು.

ಕೆಲಸಕ್ಕೆ ಮರಳಿದ್ದ ಹೆಂಗಸು ತಲೆ ಚಚ್ಚಿಕೊಂಡರು. “ಇನ್ನೊಂದು ಅಂಟಿಸಿಬಿಡಿ ಅಣ್ಣ. ಯಾರು ನೋಡಿದಾರೆ?”

ಅವರು ಇನ್ನೊಂದು ಅಂಟಿಸಿದರು. ಅಲ್ಲಿಂದ ನೇರ ಕಚೇರಿಗೆ ಹೋಗಿ, ನಿನ್ನೆಯೆಲ್ಲ ಕಾಗದ ಇರಲಿಲ್ಲ ಎಂದು ಹೇಳಿದರು. ಆಮೇಲೆ ದೊಡ್ಡಕ್ಕನ ಶಾಲೆಗೆ ಹೋದರು. ಅಲ್ಲಿ ಸಾಮಾನು ಕಟ್ಟುತ್ತಿದ್ದರು. ಅವತ್ತು ನಡೆದ ಮಾತನ್ನು ದೊಡ್ಡಕ್ಕ ಮರೆತಿಲ್ಲ.

“ಮೇಡಮ್, ನಿನ್ನೆ ಕಾಗದ ಇರಲಿಲ್ಲ.”

“ಈಗ ಇದೆಯಲ್ಲ?”

“ಈಗ ಇದೆ. ನಿನ್ನೆ ಇರಲಿಲ್ಲ.”

“ಅದನ್ನ ನೋಡಿದವರು ಯಾರು?”

“ನಾನೇ.”

“ನಿಮ್ಮ ಮೊಮ್ಮಕ್ಕಳು ಈ ಶಾಲೇಲಿ ಇದ್ದಿದ್ರೆ ಹೀಗೆ ಮಾಡ್ತಿದ್ರಾ?”



ಎಣಿಕೆ ಮೊದಲಿನಿಂದ ಶುರುವಾಯಿತು. ಮನೆ ಕೈಬಿಟ್ಟಿತು. ಶಾಲೆ ಒಂದು ತಿಂಗಳಿಗೂ ಹೆಚ್ಚು ಕಾಲ ಉದ್ಯಾನದ ಮರದ ಕೆಳಗೆ ನಡೆಯಿತು. ಮಳೆ ಬಂದರೆ ದೊಡ್ಡಕ್ಕನ ಮನೆಯ ಮಹಡಿ ಮೆಟ್ಟಿಲೇ ತರಗತಿ. ಕೆಲವು ಮಕ್ಕಳಿಗೆ ಮರ ಇಷ್ಟವಾಯಿತು. ಒಬ್ಬಳಿಗೆ ಆಗಲಿಲ್ಲ. ಯಾರೊಂದಿಗೂ ಮಾತನಾಡದೆ ಹಳೆಯ ಬೀಗಗಳನ್ನು ಬಿಚ್ಚಿ ಜೋಡಿಸುತ್ತಾ ಕೂರುತ್ತಿದ್ದ ಹುಡುಗಿ ಅವಳು. ಬಯಲಿನ ಗದ್ದಲ ಅವಳಿಗೆ ಒಗ್ಗಲಿಲ್ಲ. ಬರುವುದನ್ನು ನಿಲ್ಲಿಸಿದಳು. ಕರೆಯಲು ಹೋದಾಗ ಅವಳ ಅಜ್ಜಿ, “ಮರದ ಕೆಳಗೆ ಕೂರೋಕೆ ನಮ್ಮ ಹಿತ್ತಲಲ್ಲೇ ಮರ ಇದೆ” ಎಂದು ಕಳಿಸಿಬಿಟ್ಟರಂತೆ.

ಇತ್ತ ಗಾಜಿನ ಹೆಂಗಸು ಒಂದು ದಾರಿ ಹೇಳಿಕೊಟ್ಟರು. “ಕಾಗದಾನ ಒಳಗಡೆಯಿಂದ ಅಂಟಿಸಿ, ಮುಖ ಹೊರಗಿರಲಿ. ಹೊರಗೆ ಯಾರು ಎಷ್ಟು ನೀರು ಸುರಿದ್ರೂ ಏನಾಗಲ್ಲ. ಒಳಗಡೆದು ನನ್ನ ಜವಾಬ್ದಾರಿ.” ಗೋಂದಣ್ಣ ಕೇಳಿದ್ದಕ್ಕೆ ಕಚೇರಿಯ ಅಧಿಕಾರಿ, ಹೊರಗಿನಿಂದ ಓದಲು ಬರುವಂತಿದ್ದರೆ ಅಡ್ಡಿಯಿಲ್ಲ ಎಂದರು. ಇಷ್ಟು ವರ್ಷ ಅಂಟಿನ ಜೊತೆ ಬಾಳಿದ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಗೋಂದಣ್ಣನಿಗೆ ಈಗಲೂ ನಗು. ಮುಂದಿನ ತಿಂಗಳು ಪೂರ್ತಿ ಕಾಗದ ಅಲುಗಲಿಲ್ಲ.

ತಕರಾರು ಕೇಳುವ ದಿನ ಬಂದವನು ಒಬ್ಬನೇ, ಮಾಲಿನ ಬಾಗಿಲ ಪಕ್ಕದ ಬೀಡಿ ಸಿಗರೇಟಿನ ಅಂಗಡಿಯವನು. ಅವನ ಭಯ ಸುಳ್ಳಲ್ಲ. ಶಾಲೆ ಬಂದರೆ ಅದರ ಹತ್ತಿರ ಹೊಗೆಸೊಪ್ಪು ಮಾರುವಂತಿಲ್ಲ. ಅವನ ಅನ್ನಕ್ಕೆ ಕಲ್ಲು. ಅದನ್ನು ಹೇಳಿಕೊಂಡ. ಆಮೇಲೆ ಗಟ್ಟಿ ಹಿಡಿದದ್ದು ಬೇರೆ ಮಾತು: “ಕಾಗದ ನೆಟ್ಟಗೆ ನಿಲ್ಲಲೇ ಇಲ್ಲ ಸಾರ್. ಒಂದಿನ ಇತ್ತು, ಒಂದಿನ ಇಲ್ಲ. ನನ್ನ ಕಣ್ಣಾರೆ ನೋಡಿದೀನಿ. ಈ ಲೆಕ್ಕ ನಡೆಯಲ್ಲ.”

ಅಧಿಕಾರಿ ಬಾಗಿಲ ಬಳಿ ನಿಂತಿದ್ದ ಗೋಂದಣ್ಣನನ್ನು ಕರೆದು ಕೇಳಿದರು. ದೊಡ್ಡಕ್ಕ ಅಲ್ಲೇ ಕುಳಿತಿದ್ದರು. “ಉಸಿರು ಹಿಡ್ಕೊಂಡಿದ್ದೆ. ಈ ಮನುಷ್ಯ ಏನೂ ಮುಚ್ಚಿಡಲ್ಲ ಅಂತ ಗೊತ್ತಲ್ಲ ನಂಗೆ” ಎಂದು ಅವರು ನೆನೆಯುತ್ತಾರೆ.

“ಅವರು ಹೇಳೋದು ನಿಜ ಸಾರ್. ಒಂದು ದಿನ ಇರಲಿಲ್ಲ. ಮಾರನೇ ದಿನ ಬೆಳಗ್ಗೇನೇ ಬಂದು ಹೇಳಿದ್ದೆ. ಅದಕ್ಕೇ ಮತ್ತೆ ಒಂದರಿಂದ ಎಣಿಸಿದ್ದು.”

“ಆಮೇಲೆ?”

“ಆಮೇಲೆ ಬಿದ್ದಿಲ್ಲ. ದಿನಾ ನೋಡಿದೀನಿ.”

ಅಧಿಕಾರಿ ಅಂಗಡಿಯವನ ಕಡೆ ತಿರುಗಿದರು. “ಬಿದ್ದಾಗ ಬಿತ್ತು ಅಂದವರು, ನಿಂತಿತ್ತು ಅಂದ್ರೆ ನಂಬಬೇಕಲ್ವೇನಪ್ಪ?”

ಅನುಮತಿ ಸಿಕ್ಕಿತು. ಮಾಲಿನ ಯಜಮಾನರು ಅಂಗಡಿಯವನಿಗೆ ಹಿಂಬದಿಯ ರಸ್ತೆಯಲ್ಲಿ ಜಾಗ ಕೊಡಬೇಕೆಂಬ ಕರಾರಿನ ಮೇಲೆ. ಅವನು ಅಲ್ಲಿಗೆ ಹೋಗಿದ್ದಾನೆ, ವ್ಯಾಪಾರ ಮೊದಲಿನಷ್ಟಿಲ್ಲ. ಗೋಂದಣ್ಣನನ್ನು ಕಂಡರೆ ಮುಖ ತಿರುಗಿಸುತ್ತಾನೆ. “ತಿರುಗಿಸಲಿ. ಒಬ್ಬರಿಗೆ ಬಾಗಿಲು ತೆಗೆಯೋ ಕಾಗದ ಇನ್ನೊಬ್ಬರಿಗೆ ಹಾಕುತ್ತೆ. ಅವನು ಸುಳ್ಳೇನೂ ಹೇಳಲಿಲ್ಲವಲ್ಲ.”

ಶಾಲೆ ಶುರುವಾಗಿ ಒಂದು ವಾರ. ನೋಟೀಸಿನ ಕೆಲಸ ಮುಗಿದಿದೆ. ಮುಗಿದ ನೋಟೀಸನ್ನು ಊರಿನಲ್ಲಿ ಯಾರೂ ತೆಗೆಯುವುದಿಲ್ಲ, ಬಿಸಿಲು ಮಳೆಗೆ ಬಿಟ್ಟುಬಿಡುತ್ತಾರೆ. ಗೋಂದಣ್ಣ ಮಾತ್ರ ತಾವು ಅಂಟಿಸಿದ್ದನ್ನು ತಾವೇ ಬಂದು ಬಿಡಿಸುತ್ತಾರೆ. ಈಗ ಕಾಗದ ಕೊನೆಗೂ ನೀರು ಕುಡಿದು ಸಡಿಲಗೊಂಡು, ಹರಿಯದೆ ಅವರ ಅಂಗೈಗೆ ಜಾರಿದೆ. ಗಾಜಿನ ಹೆಂಗಸು ಆ ಜಾಗ ಒರೆಸಿ, ಓರೆಯಾಗಿ ನೋಡಿ, ಕಲೆಯಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಮಕ್ಕಳು ಬರತೊಡಗುತ್ತಾರೆ. ಒಬ್ಬೊಬ್ಬರೂ ಎರಡೂ ಅಂಗೈ ಊರಿ ಬಾಗಿಲನ್ನು ತಳ್ಳಿಕೊಂಡು ಒಳಗೆ ನುಗ್ಗುತ್ತಾರೆ. ಚಪ್ಪಲಿ ಅಂಗಡಿಯ ಕಾಲಕ್ಕೆ ನೆಲದ ಹತ್ತಿರ ಕೂರಿಸಿದ್ದ ಕನ್ನಡಿಗಳು ಇನ್ನೂ ಹಾಗೇ ಇವೆ. ಕೆಲವರು ಮೊದಲು ಅವುಗಳ ಮುಂದೆ ಬೋರಲು ಮಲಗಿ ತಮ್ಮ ಮುಖ ನೋಡಿಕೊಂಡೇ ಪಾಠಕ್ಕೆ ಏಳುತ್ತಾರೆ.

“ನೋಡಿ ಅಣ್ಣ, ನಿಮ್ಮದು ಒಂದೇ ಕಾಗದ ಇತ್ತು. ಈಗ ಬಾಗಿಲ ತುಂಬಾ ಕೈ.”

“ನನ್ನ ಅಂಟಿಗಿಂತ ಇವಕ್ಕೆ ಹಿಡಿತ ಜಾಸ್ತಿ. ಒರೆಸಿದ್ರೂ ನಾಳೆ ಅಲ್ಲೇ ಇರ್ತವೆ.”

ಗೋಂದಣ್ಣ ಮಾತ್ರ ಬಂದ ಮಕ್ಕಳ ಮುಖ ಒಂದೊಂದಾಗಿ ನೋಡುತ್ತಿದ್ದಾರೆ. ದೊಡ್ಡಕ್ಕ ಹೊರಬಂದಾಗ ಅವರು ಕೇಳುವುದು ದಿನವೂ ಒಂದೇ ಪ್ರಶ್ನೆ. ದೊಡ್ಡಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. ಒಳಗಿನ ಕಪಾಟಿನಲ್ಲಿ ಹಳೆಯ ಬೀಗಗಳ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇದೆ. ಗೋಂದಣ್ಣನ ಮೇಲೆ ಈಗಲೂ ಸಿಟ್ಟಿದೆಯೇ ಎಂದರೆ ದೊಡ್ಡಕ್ಕ ಯೋಚಿಸಿ ಹೇಳುತ್ತಾರೆ: “ಆ ಹುಡುಗಿ ಬಂದ ದಿನ ಹೇಳ್ತೀನಿ.”

ಇನ್ನೇನು ಆಸೆಯಿದೆ ಎಂದು ಕೇಳಿದಾಗ ಗೋಂದಣ್ಣ ನೆನೆದ ಕಾಗದವನ್ನು ನಾಲ್ಕಾಗಿ ಮಡಚಿ ಡಬ್ಬಕ್ಕೆ ಹಾಕುತ್ತಾರೆ. ಹುಡುಗಿಯ ಮನೆಯಿರುವ ಬೀದಿ ಅವರಿಗೆ ಗೊತ್ತು. ಅಲ್ಲಿಯ ಗೋಡೆಗಳಿಗೂ ಅವರು ಅಂಟಿಸಿದ್ದಾರೆ.

“ನಾಳೆ ಹೋಗ್ತೀನಿ. ನನ್ನ ಕಂಡ ಕೂಡಲೇ ಆ ಅಜ್ಜಿ ಬಾಗಿಲು ಹಾಕ್ಕೋತಾಳೆ, ಅದು ಗೊತ್ತಿರೋದೇ. ಅದಕ್ಕೇ ಸೈಕಲ್ಲು, ಡಬ್ಬ ಎರಡೂ ಮನೇಲೇ ಬಿಟ್ಟು ಹೋಗ್ತೀನಿ. ಬೀದಿ ತಿರುವಲ್ಲೇ ನಿಂತು ಎರಡೂ ಕೈ ಎತ್ತಿ ತೋರಿಸ್ತೀನಿ. ಕಾಗದ ಇಲ್ಲ ಕಣಮ್ಮ, ಬರೀ ಮಾತು ಅಂತೀನಿ. ಬೀಗಗಳು ಕಾಯ್ತಾ ಇವೆ, ಮಗೂನ ಕಳಿಸು ಅಂತೀನಿ.”

ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತಾ ಅವರು ಇನ್ನೊಂದು ಮಾತು ಸೇರಿಸುತ್ತಾರೆ.

“ಮಾತು ಗಾಳಿ ತಿಂದ್ರೆ ನಾಳಿದ್ದು ಮತ್ತೆ ಹೋಗಬೇಕು, ಅಷ್ಟೇ.”