ತೇಲುವ ಕಾಯಿ, ಮುಳುಗುವ ಕಾಯಿ

ತಮಿಳುನಾಡಿನ ಹೊಸೂರಿನ ಹತ್ತಿರದ ಕನ್ನಡ ಮಾಧ್ಯಮ ಹೈಸ್ಕೂಲಿಗೆ ನಾನು ವಿಜ್ಞಾನದ ಟೀಚರಾಗಿ ಸೇರಿದ ಹೊಸದರಲ್ಲಿ ಕೃಷ್ಣಗಿರಿಗೆ ತರಬೇತಿಗೆ ಕರೆದರು. ಎರಡನೆಯ ದಿನ ತರಬೇತಿ ಕೊಡುವ ಮೇಷ್ಟ್ರು ಒಂದು ಬಕೆಟ್ ನೀರು, ಒಂದೇ ಗಾತ್ರದ ಎರಡು ಹಸಿರು ಮಾವಿನಕಾಯಿ ತಂದಿಟ್ಟು ತಮಿಳಿನಲ್ಲಿ ಕೇಳಿದರು: "ಒಂದು ಎಳೆಯದು, ಒಂದು ಬಲಿತದ್ದು. ಯಾವುದು ತೇಲುತ್ತೆ?"

ನಾನು ಓದಿದ್ದು ಭೌತಶಾಸ್ತ್ರ. ಎಲ್ಲರಿಗಿಂತ ಮೊದಲು ಕೈಯೆತ್ತಿ, ಬಲಿತದ್ದು ಎಂದೆ. ಅದು ನೆಟ್ಟಗೆ ತಳಕ್ಕೆ ಹೋಯಿತು. ಎಳೆಯದು ತೇಲಿತು.

ಪಕ್ಕದಲ್ಲಿದ್ದ ಹೊಸ ಟೀಚರು ಮಾವಿನ ತೋಟದವರ ಮಗಳು. ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಅಕ್ಕ, ಕೊಯ್ಲಿಗೆ ಮುಂಚೆ ನಮ್ಮಪ್ಪ ನಾಕು ಕಾಯಿ ಕಿತ್ತು ನೀರಿಗಾಕಿ ನೋಡ್ತಾರೆ. ಮುಳುಗಿದ್ರೆ ಬಲಿತದೆ ಅಂತ."

"ಯಾಕೆ ಮುಳುಗ್ತದೆ?"

"ಅದನ್ನ ನಮ್ಮನೇಲಿ ಯಾರೂ ಕೇಳಿಲ್ಲ."

ಮೇಷ್ಟ್ರನ್ನು ಕೇಳಿದರೆ ಅವರು ಉತ್ತರ ಹೇಳದೆ ಚಾಕು ಕೊಟ್ಟರು. ಎಲ್ಲರೂ ಊಟಕ್ಕೆ ಎದ್ದರೂ ನಾವಿಬ್ಬರು ಕಾಯಿ ಹೆಚ್ಚುತ್ತ ಕೂತೆವು. ಅವಳು ಸಸ್ಯಶಾಸ್ತ್ರದವಳು, ಪಿಷ್ಟ ಇದ್ದರೆ ನೀಲಿಯಾಗುತ್ತೆ ಎಂದು ಲ್ಯಾಬಿನ ಅಯೋಡಿನ್ ತಂದು ಹೋಳುಗಳ ಮೇಲೆ ಹನಿಸಿದಳು. ಬಲಿತ ಹೋಳು ಕಡುನೀಲಿಯಾಯಿತು, ಎಳೆಯದಕ್ಕೆ ಅಷ್ಟು ಬಣ್ಣ ಬರಲಿಲ್ಲ. ಬಲಿಯುತ್ತ ಕಾಯಿಯೊಳಗೆ ಪಿಷ್ಟ ತುಂಬಿ ತಿರುಳು ನೀರಿಗಿಂತ ದಟ್ಟವಾಗುತ್ತದೆ, ಅದಕ್ಕೇ ಮುಳುಗುತ್ತದೆ ಎಂದು ಆಗ ಹೊಳೆಯಿತು. ಸಾಂದ್ರತೆಯ ಸೂತ್ರ ನನಗೆ ಬಾಯಿಪಾಠವಿತ್ತು, ಆದರೆ ಅದು ಮಾವಿನಕಾಯಿಯಲ್ಲೂ ಇದೆಯೆಂದು ಯೋಚಿಸಿಯೇ ಇರಲಿಲ್ಲ.

"ಹಂಗಾದ್ರೆ ಹಣ್ಣು? ಮುಳುಗ್ತದಾ, ತೇಲ್ತದಾ?" ಅಂದಳು ಅವಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಎರಡು ಹಣ್ಣು ಕೊಂಡು, ಮನೆಗೆ ಬಂದವಳೇ ಬಕೆಟ್ಟಿಗೆ ಹಾಕಿದೆ. ಒಂದು ಮುಳುಗಿತು, ಇನ್ನೊಂದು ತೇಲಿತು. ಕೈ ಒರೆಸಿಕೊಂಡು ಅವಳಿಗೆ ಫೋನ್ ಮಾಡಿದೆ.