ಜಾರಿನ ತಳದ ಕೆಂಪು ಪದರ

ಶನಿವಾರ ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ನುಸೈಬಾ ಕೈಯಲ್ಲಿ ಸ್ಕೇಲ್ ಹಿಡಿದು, ಅಳೆಯಲು ಏನೂ ಉಳಿದಿಲ್ಲದ ಗಾಜಿನ ಜಾರಿನ ಮುಂದೆ ನಿಂತಿದ್ದರು. ಕೊಡಿಯಾಲ್‌ಬೈಲಿನ ನೀರು ಪರೀಕ್ಷೆಯ ಲ್ಯಾಬ್‌ನಲ್ಲಿ ಅವರಿಗೆ ಇದು ಇಪ್ಪತ್ತೆರಡನೇ ವರ್ಷ. ಜಾರಿಗೆ ಹದಿನಾರು.

"ಹೇಗುಂಟು ಮೇಡಂ, ಫಳಫಳ?" ಬಾಗಿಲಲ್ಲಿ ಚೆನ್ನಪ್ಪ ನಗುತ್ತಿದ್ದರು. ಗುಡಿಸಿ ಒರೆಸುವ ಕೆಲಸಕ್ಕೆ ಅವರು ಸೇರಿ ಹತ್ತು ದಿನವಾಗಿತ್ತಷ್ಟೇ. "ಸೋಮವಾರ ಇನ್‌ಸ್ಪೆಕ್ಷನ್ ಅಲ್ವಾ? ಎಂತ ಕರೆ ಮಾರಾಯ್ರೆ ಅದು! ನಾರಲ್ಲಿ ತಿಕ್ಕಿದೆ, ಪೂರ್ತಿ ಹೋಗ್ಲಿಲ್ಲ. ಮತ್ತೆ ಹುಣಸೆಹುಳಿ ಹಾಕಿದೆ."

"ಅದು ಕರೆ ಅಲ್ಲ ಚೆನ್ನಪ್ಪಣ್ಣ. ಅದರಲ್ಲಿ ಜೀವ ಇತ್ತು."

ಕಾವೂರಿನ ನುಸೈಬಾರ ತಾಯಿಮನೆಯ ಬಾವಿಯಲ್ಲಿ ಕೆಂಪು ಲೋಳೆ ಕಟ್ಟುತ್ತಿತ್ತು. ಅದು ಬ್ಯಾಕ್ಟೀರಿಯಾಗಳ ಕೆಲಸ. ನೀರಿನಲ್ಲಿ ಕರಗಿದ ಕಬ್ಬಿಣದಿಂದ ಅವು ಬದುಕುವ ಶಕ್ತಿ ಪಡೆಯುತ್ತವೆ. ಆ ಕಬ್ಬಿಣ ತುಕ್ಕಾಗಿ ತಳಕ್ಕಿಳಿಯುತ್ತದೆ. ಜೌಗು ನೆಲದಲ್ಲಿ ಸಾವಿರಾರು ವರ್ಷ ಹೀಗೇ ಇಳಿದರೆ ಅದೇ ಅದಿರು. ನುಸೈಬಾ ವಾರಕ್ಕೊಂದು ಬಾಟಲಿ ಬಾವಿನೀರು ತಂದು ಜಾರಿಗೆ ಹಾಕುತ್ತಿದ್ದರು, ತಳದಲ್ಲಿ ಕಟ್ಟುವ ಕೆಂಪು ಪದರದ ದಪ್ಪ ಅಳೆದು ಜಾರಿನ ಚೀಟಿಯಲ್ಲಿ ಬರೆಯುತ್ತಿದ್ದರು. ಉಮ್ಮ ಹಬೀಬಾ ತೀರಿಕೊಂಡರು, ಮನೆ ಮಾರಿಹೋಯಿತು, ಕೊಂಡವರು ಹೋದ ವರ್ಷ ಬಾವಿಗೆ ಮಣ್ಣು ತುಂಬಿಸಿದರು. ಆಮೇಲೆ ಆ ಬಾವಿಯದೆಂದು ಉಳಿದದ್ದು ಈ ಜಾರು ಮಾತ್ರ. ಅದಕ್ಕೆ ಕಬ್ಬಿಣದ ಮೊಳೆ ಹಾಕಿ ಸಾಕುತ್ತಿದ್ದರು.

"ನನಗೆ ಯಾರೂ ಹೇಳ್ಲಿಲ್ಲ ಮೇಡಂ," ಚೆನ್ನಪ್ಪನವರ ಮುಖ ಸಣ್ಣದಾಯಿತು.

ನಿಜ. ನುಸೈಬಾ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

"ಆ ನಾರು ಎಲ್ಲುಂಟು?"

ಚೆನ್ನಪ್ಪ ಓಡಿಹೋಗಿ ಕಸದ ಡಬ್ಬಿಯಿಂದ ಹೆಕ್ಕಿ ತಂದರು. ತೆಂಗಿನ ನಾರಿನ ಎಳೆಗಳ ನಡುವೆ ಚಿಟಿಕೆಯಷ್ಟು ಕೆಂಪು ಇನ್ನೂ ಒದ್ದೆಯಾಗಿತ್ತು. ಹುಳಿ ಅದಕ್ಕೆ ತಾಗಿರಲಿಲ್ಲ. ಜಾರಿಗೆ ಕುದಿಸಿ ಆರಿಸಿದ ನೀರು ತುಂಬಿ ನುಸೈಬಾ ಅದರಲ್ಲಿ ನಾರನ್ನು ಅದ್ದಿ ಜಾಲಾಡಿದರು, ಎರಡು ಹೊಸ ಮೊಳೆ ಹಾಕಿದರು. ಚೀಟಿಯಲ್ಲಿ ತಾರೀಕು ಬರೆದು, ದಪ್ಪ ಎಂಬಲ್ಲಿ ಸೊನ್ನೆ ಹಾಕಿದರು. ಜೀವ ಉಂಟೋ ಇಲ್ಲವೋ ತಿಳಿಯಲು ಎರಡು ವಾರವಾದರೂ ಬೇಕು.

"ಮೊದಲಿನಷ್ಟು ಆಗ್ಲಿಕ್ಕೆ ಎಷ್ಟು ದಿನ ಬೇಕು ಮೇಡಂ?"

"ನೋಡುವ," ಎಂದರು ನುಸೈಬಾ.

ಮಧ್ಯಾಹ್ನ ಒಬ್ಬರೇ ಬುತ್ತಿ ಬಿಚ್ಚಿದಾಗ ನೆನಪಾಯಿತು: ಜಾರಿಗೆ ಎಂಟು ತುಂಬಿದ ವರ್ಷ ಉಮ್ಮ ಲ್ಯಾಬ್‌ಗೆ ಬಂದಿದ್ದರು. ಪದರ ಆಗ ಒಂದು ಪಾಯಿಂಟ್ ಎರಡು ಮಿಲಿಮೀಟರ್. ಉಮ್ಮ ತಮ್ಮ ಅಂಗೈಯನ್ನು ಜಾರಿನ ಪಕ್ಕ ಅಡ್ಡ ಹಿಡಿದು, "ನನ್ನ ಕೈಯ ಅಗಲದಷ್ಟು ದಪ್ಪ ಆಗ್ಲಿಕ್ಕೆ ಎಷ್ಟು ಕಾಯ್ಬೇಕು ಮಗಳೇ?" ಎಂದು ಕೇಳಿದ್ದರು. ನುಸೈಬಾ ಆ ಕೈಗೆ ಸ್ಕೇಲ್ ಇಟ್ಟು, ತೊಂಬತ್ತು ಮಿಲಿಮೀಟರ್ ಎಂದು ಗುರುತು ಹಾಕಿಕೊಂಡು, ಲೆಕ್ಕ ಮಾಡಿ ಗಟ್ಟಿಯಾಗಿ ಹೇಳಿದ್ದರು:

"ಆರುನೂರು ವರ್ಷ, ಉಮ್ಮ."